ಬಾಪುವಿನ ಬಲಗಡೆಯಲ್ಲಿದ್ದವಳು

ಮಹಾತ್ಮಾ ಗಾಂಧಿಯವರ ಕೊನೆಯ ದಿನಗಳ ಭಾವಚಿತ್ರವನ್ನು ನೋಡದವರು ನಮ್ಮಲ್ಲಿ ವಿರಳ. ಶಾಲೆಯ ಗೋಡೆಯ ಮೇಲೆಯೋ ಪಂಚಾಯತಿ ಕಛೇರಿಯಲ್ಲಿಯೋ ಪಠ್ಯಪುಸ್ತಕದ ಪುಟದಲ್ಲಿಯೋ ಅದು ನಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ಶಾಲು ಹೊದ್ದ ವೃದ್ಧರೊಬ್ಬರು ನಡೆದು ಬರುತ್ತಿದ್ದಾರೆ; ಅವರ ಎರಡು ಕೈಗಳೂ ಇಕ್ಕೆಲದ ಹುಡುಗಿಯರ ಹೆಗಲ ಮೇಲಿವೆ. ಚಿತ್ರದ ಕೆಳಗೆ ಗಾಂಧೀಜಿಯವರ ಹೆಸರಿರುತ್ತದೆ. ಹುಡುಗಿಯರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಗಾಂಧೀಜಿಯವರೇ ವಿನೋದಕ್ಕಾಗಿ ಅವರನ್ನು ತಮ್ಮ ಊರುಗೋಲುಗಳೆಂದು ಕರೆಯುತ್ತಿದ್ದರು. ಊರುಗೋಲಿಗೆ ಹೆಸರೇಕೆ ಎಂದು ಚಿತ್ರ ಮುದ್ರಿಸಿದವರು ಭಾವಿಸಿದರೋ ಏನೋ!

ಎಡಗಡೆಯ ಹುಡುಗಿ ಆಭಾ, ಗಾಂಧೀಜಿಯವರ ಬಂಧು ಕನು ಗಾಂಧಿಯವರ ಪತ್ನಿ. ಬಲಗಡೆಯವಳು ಮನು. 1948ನೆಯ ಇಸವಿ ಜನವರಿ 30ರ ಸಂಜೆ ಕೊಲೆಗಡುಕನು ಮೊದಲು ಕೈಮಾಡಿದ್ದು ಗಾಂಧೀಜಿಯವರ ಮೇಲಲ್ಲ, ಈ ಮನುವಿನ ಮೇಲೆ. ಅವಳನ್ನು ಪಕ್ಕಕ್ಕೆ ತಳ್ಳಿದ ಮೇಲೆಯೇ ಅವನಿಗೆ ದಾರಿ ತೆರವಾದದ್ದು. ಆ ದುರಂತವನ್ನು ಅಷ್ಟು ಹತ್ತಿರದಿಂದ ಕಂಡವರು ಬಹುಶಃ ಆಭಾಳ ಹೊರತು ಬೇರೊಬ್ಬರಿಲ್ಲ. ಹೀಗಿದ್ದರೂ ಗಾಂಧಿಯುಗದ ಕಥೆಯನ್ನು ಹೇಳುವಾಗ ನಾವು ಮನುವನ್ನು ಒಂದು ವಾಕ್ಯದಲ್ಲಿ ದಾಟಿ ಮುಂದೆ ಹೋಗುತ್ತೇವೆ. ಇತಿಹಾಸದ ತರಗತಿಗೆ ಪ್ರಬಂಧ ಬರೆಯುವ ನಿಮಿತ್ತ ಈ ಹುಡುಗಿಯ ಬಗೆಗೆ ಓದತೊಡಗಿದ ನಾನು, ಪ್ರಬಂಧ ಮುಗಿದ ಮೇಲೂ ಓದುವುದನ್ನು ಬಿಡಲಾಗಲಿಲ್ಲ. ಅದರ ಫಲವೇ ಈ ಲೇಖನ.

ಮನುವಿನ ಪೂರ್ಣ ಹೆಸರು ಮೃದುಲಾ. ಕಾಠಿಯಾವಾಡದ ಜಯಸುಖಲಾಲ ಗಾಂಧಿಯವರ ಮಗಳು. ಜಯಸುಖಲಾಲರು ಗಾಂಧೀಜಿಯವರ ದಾಯಾದಿಯ ಮಗ. ಆದುದರಿಂದ ಸಂಬಂಧದಲ್ಲಿ ಗಾಂಧೀಜಿ ಆಕೆಗೆ ಅಜ್ಜನಾಗಬೇಕು. ಎಳೆಯ ವಯಸ್ಸಿನಲ್ಲಿಯೇ ಆಕೆ ತಾಯಿಯನ್ನು ಕಳೆದುಕೊಂಡಳು. ತಬ್ಬಲಿ ಮಗುವನ್ನು ಕಸ್ತೂರಬಾ ಅವರು ಮಗಳಂತೆ ಹತ್ತಿರಕ್ಕೆ ತೆಗೆದುಕೊಂಡರು. ಹೀಗೆ ಆಕೆ ಸೇವಾಗ್ರಾಮದ ಆಶ್ರಮ ಸೇರಿದಳು. ಶಾಲೆಯ ಓದು ಅಲ್ಲಿಗೆ ಹರಿದುಹೋಯಿತೆಂದೇ ಹೇಳಬೇಕು. 1942ರ ಆಗಸ್ಟಿನಲ್ಲಿ ಚಲೇಜಾವ್ ಚಳವಳಿ ಆರಂಭವಾದಾಗ ಈ ಬಾಲಿಕೆಯೂ ಸೆರೆಯಾಗಿ ನಾಗಪುರದ ಜೈಲಿಗೆ ಹೋದಳು.

ಗಾಂಧೀಜಿ, ಕಸ್ತೂರಬಾ ಮತ್ತಿತರರನ್ನು ಸರ್ಕಾರವು ಪುಣೆಯ ಆಗಾಖಾನ್ ಅರಮನೆಯಲ್ಲಿ ಇಟ್ಟಿತ್ತು. ಹೆಸರಿಗೆ ಅರಮನೆ, ಸುತ್ತಲೂ ಮುಳ್ಳುತಂತಿ. ಸೆರೆಯಾದ ಒಂದು ವಾರದೊಳಗೆ, ಆಗಸ್ಟ್ 15ರಂದು, ಮಹಾದೇವ ದೇಸಾಯಿಯವರು ಅಲ್ಲಿಯೇ ತೀರಿಕೊಂಡಿದ್ದರು. ಕಸ್ತೂರಬಾ ಅವರ ಆರೋಗ್ಯ ಕೆಡುತ್ತ ಬಂದಾಗ ಶುಶ್ರೂಷೆಗಾಗಿ ಮನುವನ್ನು ನಾಗಪುರದಿಂದ ಅಲ್ಲಿಗೆ ಕರೆತಂದರು. ಅದು 1943ರ ಮಾರ್ಚ್.

ಅರಮನೆಯ ಆ ದಿನಗಳು ಮನುವಿನ ಪಾಲಿಗೆ ಪಾಠಶಾಲೆಯಾದುವು. ಕಾಲೊತ್ತುವುದು, ಅಡಿಗೆ, ಮಾಲೀಸು, ರೋಗಿಯ ಆರೈಕೆ, ನೂಲುವುದು ಇವುಗಳ ನಡುವೆ ಗೀತೆ, ವ್ಯಾಕರಣ, ರೇಖಾಗಣಿತ. ಗುರು ಗಾಂಧೀಜಿ. ದಿನಚರಿ ಬರೆಯುವ ಅಭ್ಯಾಸವನ್ನು ಆಕೆಗೆ ಹಿಡಿಸಿದವರೂ ಅವರೇ. ಎಷ್ಟು ಹೊತ್ತಿಗೆ ಎದ್ದೆ, ಎಷ್ಟು ನೂತೆ, ಏನು ಓದಿದೆ, ಯಾರೊಡನೆ ಏನು ಮಾತಾಯಿತು ಎಂಬುದನ್ನೆಲ್ಲ ಗುಜರಾತಿಯಲ್ಲಿ ಬರೆದು ಅವರಿಗೆ ತೋರಿಸಬೇಕು; ಅವರು ಓದಿ ತಿದ್ದಿ, ಅಂಚಿನಲ್ಲಿ ರುಜು ಹಾಕುವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲನೆಯವಳು. ನನ್ನ ನೋಟುಪುಸ್ತಕವನ್ನು ತಿರುವಿ ನೋಡಿ ತಪ್ಪು ಹೇಳಬಲ್ಲವರು ಮನೆಯಲ್ಲಿ ಇರಲಿಲ್ಲ. ಆದ್ದರಿಂದಲೋ ಏನೋ, ಜೈಲಿನಲ್ಲಿ ಕುಳಿತು ಒಂದು ಹುಡುಗಿಯ ಕಾಗುಣಿತ ತಿದ್ದುತ್ತಿದ್ದ ಆ ಮುದುಕರ ಚಿತ್ರ ನನಗೆ ಅವರ ದೊಡ್ಡ ಸತ್ಯಾಗ್ರಹಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿದಿದೆ.

1944ರ ಫೆಬ್ರವರಿ 22ರಂದು ಕಸ್ತೂರಬಾ ಅವರು ಪತಿಯ ತೊಡೆಯ ಮೇಲೆ ತಲೆಯಿಟ್ಟು ಪ್ರಾಣಬಿಟ್ಟರು. ಮಗ ದೇವದಾಸರು ಪೆನಿಸಿಲಿನ್ ತರಿಸಿದ್ದರು. ಸೂಜಿಮದ್ದು ಚುಚ್ಚಿಸಿ ಸಾಯುವವಳನ್ನು ಇನ್ನಷ್ಟು ನೋಯಿಸುವುದು ಬೇಡವೆಂದು ಗಾಂಧೀಜಿ ತಡೆದರು. ಎರಡನೆಯ ಬಾರಿ ತಾಯಿಯನ್ನು ಕಳೆದುಕೊಂಡ ಮನುವಿಗೆ ಅಂದಿನಿಂದ ಗಾಂಧೀಜಿಯೇ ತಾಯಿಯಾದರು. ಮುಂದೆ 1949ರಲ್ಲಿ ಆಕೆ ಬರೆದ ಪುಟ್ಟ ಪುಸ್ತಕಕ್ಕೆ ಬಾಪು ನನ್ನ ತಾಯಿ ಎಂಬರ್ಥದ ಹೆಸರಿಟ್ಟದ್ದು ಬರಿಯ ಅಲಂಕಾರವಲ್ಲ.

ಬಿಡುಗಡೆಯಾದ ಬಳಿಕ ಮನು ತಂದೆಯ ಬಳಿಗೆ ಹೋದಳು. ಮತ್ತೆ ಆಕೆ ಗಾಂಧೀಜಿಯವರನ್ನು ಸೇರಿದ್ದು ಬಂಗಾಳದ ನೌಖಾಲಿಯಲ್ಲಿ. 1946ರ ಅಕ್ಟೋಬರಿನಲ್ಲಿ ಅಲ್ಲಿ ಭೀಕರವಾದ ಕೋಮುಗಲಭೆ ನಡೆದಿತ್ತು. ಗಾಂಧೀಜಿ ತಮ್ಮ ಪರಿವಾರದವರನ್ನೆಲ್ಲ ಒಬ್ಬೊಬ್ಬರಾಗಿ ಒಂದೊಂದು ಹಳ್ಳಿಗೆ ಕಳುಹಿಸಿ ತಾವು ಶ್ರೀರಾಮಪುರದಲ್ಲಿ ಉಳಿದಿದ್ದರು. ಅಲ್ಲಿಗೆ ಬರಬೇಕಾದರೆ ಸಾಯಲು ಸಿದ್ಧಳಾಗಿ ಬರಬೇಕೆಂಬುದು ಅವರ ಷರತ್ತು. ಡಿಸೆಂಬರ್ 19ರಂದು ಜಯಸುಖಲಾಲರು ಮಗಳನ್ನು ತಾವೇ ಕರೆತಂದು ಒಪ್ಪಿಸಿದರು. ಆಗ ಆಕೆಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ.

1947ರ ಜನವರಿ 2ರಂದು ಆ ಪ್ರಸಿದ್ಧ ಪಾದಯಾತ್ರೆ ಹೊರಟಿತು. ಎಪ್ಪತ್ತೇಳು ವರ್ಷದ ಗಾಂಧೀಜಿ ಬರಿಗಾಲಿನಲ್ಲಿ, ಮಂಜು ಸುರಿಯುವ ಗದ್ದೆಯ ಬದುಗಳಲ್ಲಿ, ಬಿದಿರಿನ ಸಂಕಗಳ ಮೇಲೆ ನಡೆದರು. ಕೆಲವು ಕಡೆ ದಾರಿಯಲ್ಲಿ ಹೊಲಸು ಚೆಲ್ಲಿರುತ್ತಿದ್ದರು. ಅದನ್ನೂ ಬಳಿದು ಮುಂದೆ ಹೋದರು. ಏಳೆಂಟು ವಾರಗಳಲ್ಲಿ 40ಕ್ಕೂ ಮಿಕ್ಕ ಗ್ರಾಮಗಳು. ದಿನಕ್ಕೊಂದು ಊರು, ದಿನಕ್ಕೊಂದು ಗುಡಿಸಲು. ಗಂಟುಮೂಟೆ ಕಟ್ಟುವುದು, ಬಿಚ್ಚುವುದು, ಸ್ನಾನದ ನೀರು, ಆಹಾರ, ಕಾಗದಗಳ ನಕಲು, ಪ್ರಾರ್ಥನೆಯ ಹಾಡು ಎಲ್ಲ ಮನುವಿನ ಪಾಲಿಗೆ. ಯಾತ್ರೆಯ ಚರಿತ್ರೆಯಲ್ಲಿ ಈ ಕೆಲಸಗಳಿಗೆ ಸ್ಥಳವಿಲ್ಲ. ಆದರೆ ಇವುಗಳಿಲ್ಲದೆ ಯಾತ್ರೆ ಮರುದಿನದ ಊರನ್ನು ಮುಟ್ಟುತ್ತಿರಲಿಲ್ಲ.

ಇಲ್ಲಿ ಒಂದು ಪ್ರಸಂಗವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗಾಂಧೀಜಿ ಅಂಗಾಲು ಉಜ್ಜಿಕೊಳ್ಳಲು ಒಂದು ಒರಟು ಕಲ್ಲನ್ನು ಇಟ್ಟುಕೊಂಡಿದ್ದರು. ಮೀರಾಬೆಹನ್ ಬಹಳ ವರ್ಷಗಳ ಹಿಂದೆ ಕೊಟ್ಟದ್ದು. ನಾರಾಯಣಪುರಕ್ಕೆ ಬಂದಿಳಿದ ದಿನ ಸ್ನಾನದ ಹೊತ್ತಿಗೆ ಅದು ಕಾಣಲಿಲ್ಲ. ಹಿಂದಿನ ಊರಿನಲ್ಲಿಯೇ ಮನು ಮರೆತು ಬಂದಿದ್ದಳು. ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗಲೇ ಎಂದು ಕೇಳಿದರೆ ಒಪ್ಪಲಿಲ್ಲ. ಒಬ್ಬಳೇ ಹೋಗಿ ತರಬೇಕೆಂದರು. ತೆಂಗು ಅಡಕೆಯ ದಟ್ಟ ತೋಪುಗಳ ದಾರಿ; ಹೆಂಗಸರು ಮನೆಯಿಂದ ಹೊರಬರಲು ಅಂಜುತ್ತಿದ್ದ ಕಾಲ. ಆಕೆ ರಾಮನಾಮ ಹೇಳಿಕೊಳ್ಳುತ್ತ ಬೆಳಗಿನ ಹೆಜ್ಜೆಗಳನ್ನೇ ಹಿಡಿದು ಹೋದಳು. ಆ ಮನೆಯ ಮುದುಕಿ ಕಲ್ಲನ್ನು ಬೇಡದ್ದೆಂದು ಹೊರಗೆ ಎಸೆದಿದ್ದಳು. ಹೇಗೋ ಹುಡುಕಿ ತೆಗೆದು, ಮಧ್ಯಾಹ್ನ ಮೀರಿದ ಮೇಲೆ ಹಸಿದು ಬಳಲಿ ಹಿಂದಿರುಗಿ, ಕಲ್ಲನ್ನು ಬಾಪುವಿನ ಮುಂದೆ ಹಾಕಿ ಅತ್ತುಬಿಟ್ಟಳು. ಬಾಪು ನಕ್ಕರು. ಇಂದು ನಿನ್ನ ಪರೀಕ್ಷೆಯಾಯಿತು. ದುಷ್ಟರು ಯಾರಾದರೂ ನಿನ್ನನ್ನು ಹಿಡಿದು, ನೀನು ಧೈರ್ಯದಿಂದ ಸತ್ತಿದ್ದರೆ ನಾನು ಆನಂದದಿಂದ ಕುಣಿಯುತ್ತಿದ್ದೆ ಎಂಬ ಅರ್ಥದ ಮಾತನ್ನು ಹೇಳಿದರು.

ಈ ಪ್ರಸಂಗವನ್ನು ಗಾಂಧೀಜಿಯವರ ಶಿಸ್ತಿಗೆ ಉದಾಹರಣೆಯಾಗಿ ಭಾಷಣಗಳಲ್ಲಿ ಹೇಳುವುದುಂಟು. ನನಗೆ ಮಾತ್ರ ಇದನ್ನು ಓದಿದಾಗಲೆಲ್ಲ ಮಹಾತ್ಮರ ಮೇಲೆ ಸ್ವಲ್ಪ ಕೋಪವೇ ಬರುತ್ತದೆ. ಕಲ್ಲು ಇನ್ನೊಂದು ಸಿಗುತ್ತಿತ್ತು. ಅದಿರಲಿ. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದದ್ದು ಬೇರೆ. ಈ ಸಂಗತಿ ನಮಗೆ ತಿಳಿದದ್ದು ಮನು ಬರೆದುದರಿಂದ. ತಾನು ಮರೆತದ್ದನ್ನೂ ಅಂಜಿದ್ದನ್ನೂ ಅತ್ತದ್ದನ್ನೂ ಆಕೆ ಮರೆಮಾಚಲಿಲ್ಲ. ಬಾಪುವಿನ ಕಠಿಣವಾದ ಮಾತನ್ನೂ ಮೆದುಗೊಳಿಸಲಿಲ್ಲ.

ನೌಖಾಲಿಯ ಇನ್ನೊಂದು ಸಂಗತಿಯನ್ನು ಬಿಟ್ಟು ಮುಂದೆ ಹೋದರೆ ಲೇಖನಕ್ಕೆ ಲೋಪ ಬರುತ್ತದೆ. ಗಾಂಧೀಜಿ ತಮ್ಮ ಬ್ರಹ್ಮಚರ್ಯದ ಪರೀಕ್ಷೆಯೆಂದು ಮನುವನ್ನು ತಮ್ಮ ಹಾಸಿಗೆಯಲ್ಲಿಯೇ ಮಲಗಿಸಿಕೊಳ್ಳುತ್ತಿದ್ದರು. ಅವರು ಅದನ್ನು ಬಚ್ಚಿಡಲಿಲ್ಲ. ಮಿತ್ರರಿಗೆ ಪತ್ರ ಬರೆದು ತಾವೇ ತಿಳಿಸಿದರು. ಶೀಘ್ರಲಿಪಿಕಾರ ಪರಶುರಾಮ್ ಅವರು ಇದನ್ನು ಸಹಿಸದೆ ಬಿಟ್ಟು ಹೋದರು. ಬಂಗಾಳದ ವಿದ್ವಾಂಸ ನಿರ್ಮಲಕುಮಾರ ಬೋಸ್ ಅವರೂ ಆಮೇಲೆ ಹೊರಟುಹೋದರು. ಕಿಶೋರಲಾಲ ಮಶ್ರೂವಾಲಾ, ಸರ್ದಾರ್ ಪಟೇಲ್ ಮುಂತಾದ ಹಿರಿಯರು ಆಕ್ಷೇಪಿಸಿದರು. ಕಡೆಗೆ 1947ರ ಫೆಬ್ರವರಿಯಲ್ಲಿ ಠಕ್ಕರ್ ಬಾಪಾ ಅವರು ಹೈಮಚರಕ್ಕೆ ಬಂದು ಮಾತನಾಡಿದ ಮೇಲೆ, ಮನುವೇ ಅದನ್ನು ಸದ್ಯಕ್ಕೆ ನಿಲ್ಲಿಸಲು ಒಪ್ಪಿದಳು. ಇದನ್ನು ಕುರಿತು ಅಂದಿನಿಂದ ಇಂದಿನವರೆಗೆ ಎಷ್ಟೋ ಪುಸ್ತಕಗಳು ಬಂದಿವೆ. ಗಾಂಧೀಜಿ ಮಾಡಿದ್ದು ಸರಿಯೇ, ಅವರ ಮನಸ್ಸು ಎಂತಹದು ಎಂದೇ ಅವುಗಳ ಚರ್ಚೆ. ಮಹಾಪುರುಷನ ಆತ್ಮಶೋಧನೆಗೆ ಸಲಕರಣೆಯಾಗುವ ಹೊರೆಯನ್ನು, ತಾಯಿಯಿಲ್ಲದ, ಅವರನ್ನೇ ತಾಯಿಯೆಂದು ನಂಬಿದ, ಹದಿನೆಂಟು ಹತ್ತೊಂಬತ್ತರ ಹುಡುಗಿಯ ಮೇಲೆ ಹೊರಿಸುವುದು ನನ್ನ ಮಟ್ಟಿಗೆ ಒಪ್ಪತಕ್ಕದ್ದಲ್ಲ. ಮನುವಿನ ದಿನಚರಿಯಲ್ಲಿ ದೂರಿನ ಮಾತಿಲ್ಲ. ಬಾಪುವಿನ ಮೇಲೆ ಅಚಲವಾದ ಶ್ರದ್ಧೆಯೇ ಇದೆ. ಆ ಶ್ರದ್ಧೆಯನ್ನು ಸುಳ್ಳೆನ್ನಲು ನಮಗೆ ಅಧಿಕಾರವಿಲ್ಲ. ಆದರೆ ಅಷ್ಟು ಶ್ರದ್ಧೆಯಿದ್ದವಳಿಗೆ ಒಲ್ಲೆನೆನ್ನುವ ಅವಕಾಶ ಎಷ್ಟಿತ್ತು ಎಂಬ ಪ್ರಶ್ನೆಯನ್ನು ಕೇಳದಿರಲೂ ಆಗದು.

ಮಾರ್ಚಿನಲ್ಲಿ ಗಾಂಧೀಜಿ ಬಿಹಾರಕ್ಕೆ ಬಂದರು. ಅಲ್ಲಿ ಗಲಭೆಯಲ್ಲಿ ನೊಂದವರು ಮುಸಲ್ಮಾನರು. ವೈಸರಾಯ್ ಮೌಂಟ್‌ಬ್ಯಾಟನ್ನರನ್ನು ಕಾಣಲು ಪಾಟ್ನಾದಿಂದ ದೆಹಲಿಗೆ ಹೊರಟಾಗ ಮೂರನೆಯ ದರ್ಜೆಯ ಡಬ್ಬಿಯನ್ನು ಗೊತ್ತುಮಾಡುವ ಕೆಲಸ ಮನುವಿನದು. ಬಾಪುವಿನ ವಿಶ್ರಾಂತಿಗೆ ಭಂಗ ಬರಬಾರದೆಂದು ಆಕೆ ಎರಡು ಭಾಗಗಳಿದ್ದ ಡಬ್ಬಿಯನ್ನು ಆರಿಸಿ, ಒಂದರಲ್ಲಿ ಸಾಮಾನು ಇಟ್ಟು ಅಡಿಗೆಗೆ ತೊಡಗಿದಳು. ಪ್ರಯಾಣಿಕರು ಬಾಗಿಲಲ್ಲಿ ಜೋತಾಡುತ್ತಿರುವಾಗ ತಮಗೆ ಎರಡು ಕೋಣೆಯೇ ಎಂದು ಗಾಂಧೀಜಿ ಆಕೆಯನ್ನು ಗದರಿಸಿ, ಸ್ಟೇಷನ್ ಮಾಸ್ತರರನ್ನು ಕರೆಸಿ ಒಂದು ಭಾಗವನ್ನು ಬಿಟ್ಟುಕೊಟ್ಟರು. ಇದನ್ನೂ ಮನುವೇ ಬರೆದಿದ್ದಾಳೆ. ಮೇ ತಿಂಗಳಿನಲ್ಲಿ ಪಾಟ್ನಾದಲ್ಲಿ ಆಕೆಗೆ ಅಪೆಂಡಿಸೈಟಿಸ್ ಆಯಿತು. ಮಣ್ಣಿನ ಪಟ್ಟಿ, ಉಪವಾಸ ಮೊದಲಾದ ಪ್ರಕೃತಿ ಚಿಕಿತ್ಸೆಯಿಂದ ಗುಣವಾಗದಿದ್ದಾಗ ಗಾಂಧೀಜಿ ಶಸ್ತ್ರಚಿಕಿತ್ಸೆಗೆ ಒಪ್ಪಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು ಆಪರೇಷನ್ ಕೊಠಡಿಯಲ್ಲಿ ತಾವೇ ಕುಳಿತರು. ಕಸ್ತೂರಬಾಗೆ ಪೆನಿಸಿಲಿನ್ ಬೇಡವೆಂದವರು ಇವರೇ! ಮೂರು ವರ್ಷಗಳಲ್ಲಿ ಅವರ ಮನಸ್ಸು ಎಲ್ಲಿ ಮೆತ್ತಗಾಯಿತೆಂಬುದನ್ನು ಊಹಿಸಬಹುದು.

ಸ್ವಾತಂತ್ರ್ಯದ ದಿನ ಮನು ಕಲ್ಕತ್ತೆಯ ಬೇಲಿಯಾಘಾಟಾದ ಹೈದರಿ ಮಂಜಿಲ್‌ನಲ್ಲಿ ಬಾಪುವಿನ ಜೊತೆಗಿದ್ದಳು. ಆಗಸ್ಟ್ 31ರ ರಾತ್ರಿ ಉದ್ರಿಕ್ತರಾದ ಗುಂಪಿನವರು ಆ ಮನೆಗೇ ನುಗ್ಗಿ ಕಿಟಕಿ ಬಾಗಿಲುಗಳನ್ನು ಒಡೆದಾಗಲೂ, ಮರುದಿನ ಆರಂಭವಾದ ಉಪವಾಸದಲ್ಲೂ ಇದ್ದಳು. ಸೆಪ್ಟೆಂಬರಿನಲ್ಲಿ ಅವರೆಲ್ಲ ದೆಹಲಿಗೆ ಬಂದು ಬಿರ್ಲಾ ಭವನದಲ್ಲಿ ಇಳಿದರು.

1948ರ ಜನವರಿ 13ರಿಂದ 18ರ ವರೆಗೆ ಗಾಂಧೀಜಿಯವರ ಕೊನೆಯ ಉಪವಾಸ. 20ರಂದು ಪ್ರಾರ್ಥನಾಸಭೆಯ ಸಮಯದಲ್ಲಿ ಮದನಲಾಲ ಪಹವಾ ಎಂಬವನು ಸಿಡಿಮದ್ದು ಸಿಡಿಸಿದ. ಮನು ಹೆದರಿ ಬಾಪುವಿನ ಕಾಲು ಹಿಡಿದುಕೊಂಡಳು. ಇಷ್ಟಕ್ಕೇ ಅಂಜುವೆಯಲ್ಲ, ನಿಜವಾಗಿ ಯಾರಾದರೂ ಗುಂಡು ಹಾರಿಸಲು ಬಂದರೆ ಏನು ಮಾಡುವೆ ಎಂದು ಬಾಪು ಕೇಳಿದರಂತೆ. ಇದನ್ನು ಆಕೆ ಹತ್ತೇ ದಿನಗಳಲ್ಲಿ ಅನುಭವಿಸಬೇಕಾಯಿತು.

ಜನವರಿ 30, ಶುಕ್ರವಾರ. ಎಂದಿನಂತೆ ಬೆಳಗಿನ ಜಾವ ಪ್ರಾರ್ಥನೆ. ಗಾಂಧೀಜಿಗೆ ಕೆಮ್ಮಿತ್ತು, ರಾತ್ರಿಗೆ ಬೇಕಾದೀತೆಂದು ಮನು ಲವಂಗ ಪುಡಿಮಾಡುತ್ತ ಕುಳಿತಳು. ರಾತ್ರಿಯವರೆಗೆ ತಾವು ಇರುವೆವೋ ಇಲ್ಲವೋ ಯಾರು ಬಲ್ಲರೆಂದು ಅವರು ಅಂದುದು ಆಗಲೇ. ಸಂಜೆ ನಾಲ್ಕು ಘಂಟೆಗೆ ಸರ್ದಾರ್ ಪಟೇಲರು ಬಂದರು. ಮಾತು ಬೆಳೆಯಿತು. ಪ್ರಾರ್ಥನೆಯ ವೇಳೆ ಐದು ಘಂಟೆ. ಆಭಾ ಗಡಿಯಾರವನ್ನು ಎತ್ತಿ ತೋರಿಸಿದಳು. ಹೊರಟಾಗ ಹತ್ತು ನಿಮಿಷ ಮೀರಿತ್ತು. ಹುಲ್ಲುಹಾಸಿಗೆ ಅಡ್ಡದಾರಿಯಲ್ಲಿ ಹೋಗುತ್ತ ಗಾಂಧೀಜಿ ಹುಡುಗಿಯರನ್ನು ತಮಾಷೆಯಾಗಿ ದೂರಿದರು: ತಮ್ಮ ಗಡಿಯಾರಗಳು ಇವರಿಬ್ಬರು, ಇವರೇ ತಡಮಾಡಿದರೆ ಹೇಗೆ ಎಂದು. ಅಂದು ಆಭಾ ಬಡಿಸಿದ ಹಸಿ ಗಜ್ಜರಿಯನ್ನು ದನದ ಮೇವೆಂದು ಹಾಸ್ಯಮಾಡಿದರು. ದಿನವೂ ಮುಂದೆ ನಡೆದು ದಾರಿ ಬಿಡಿಸುತ್ತಿದ್ದ ಗುರುಬಚನ್ ಸಿಂಗ್ ಅಂದು ಮುಂದೆ ಇರಲಿಲ್ಲ.

ಮೆಟ್ಟಿಲೇರಿ ಕೆಲವು ಹೆಜ್ಜೆ ನಡೆದಿದ್ದರು. ಜನ ಎರಡು ಕಡೆಗೆ ಸರಿದು ಕೈಮುಗಿಯುತ್ತಿದ್ದರು. ಬಲಗಡೆಯಿಂದ ಒಬ್ಬ ದೃಢಕಾಯದ ಯುವಕ ಗುಂಪನ್ನು ಭೇದಿಸಿಕೊಂಡು ಬಂದು ಬಾಗಿದ. ಕಾಲು ಮುಟ್ಟಲು ಬಂದನೆಂದು ತಿಳಿದ ಮನು, ಬಾಪುವಿಗೆ ಆಗಲೇ ಹೊತ್ತಾಗಿದೆ, ತಡೆಯಬಾರದೆಂದು ಹೇಳಿ ಅವನ ಕೈಯನ್ನು ಸರಿಸಹೋದಳು. ಅವನು ಬಲವಾಗಿ ದಬ್ಬಿದ. ಆಕೆಯ ಕೈಯಲ್ಲಿದ್ದ ಜಪಮಾಲೆ, ಪೀಕದಾನಿ, ನೋಟುಪುಸ್ತಕ ನೆಲಕ್ಕೆ ಬಿದ್ದುವು. ಅವನ್ನು ಎತ್ತಲು ಆಕೆ ಬಾಗಿದ ಕ್ಷಣದಲ್ಲಿಯೇ ಮೂರು ಗುಂಡು ಹಾರಿದುವು. ಕಣ್ಣು ಕತ್ತಲೆಗೂಡುವಷ್ಟು ಹೊಗೆ. ಘಂಟೆ ಐದು ಹದಿನೇಳು. ಕೈಜೋಡಿಸಿದಂತೆಯೇ ಬಾಪು ಕುಸಿದರೆಂದೂ, ಅವರ ಬಾಯಿಂದ ಹೇ ರಾಮ ಎಂಬ ಎರಡು ಪದಗಳು ಬಂದುವೆಂದೂ ಮನು ಬರೆದಿಟ್ಟಿದ್ದಾಳೆ. ಹುಡುಗಿಯರಿಬ್ಬರೂ ನೆಲದ ಮೇಲೆ ಕುಳಿತು ಅವರ ತಲೆಯನ್ನು ತೊಡೆಯ ಮೇಲೆ ಇರಿಸಿಕೊಂಡರು.

ಈಗ ವಿಚಾರಮಾಡಬೇಕಾದದ್ದು ಸಾಕ್ಷ್ಯದ ಪ್ರಶ್ನೆ. ಆ ಕ್ಷಣದ ಛಾಯಾಚಿತ್ರ ಒಂದೂ ಇಲ್ಲ. ಅಂದೇ ಬಿರ್ಲಾ ಭವನಕ್ಕೆ ಜಗತ್ಪ್ರಸಿದ್ಧರಾದ ಛಾಯಾಗ್ರಾಹಕರು ಬಂದು ಹೋಗಿದ್ದರು. ಗುಂಡು ಹಾರಿದಾಗ ಯಾವ ಕ್ಯಾಮೆರಾವೂ ಎದುರಿಗಿರಲಿಲ್ಲ. ಗಾಂಧೀಜಿಯವರ ದಿನನಿತ್ಯದ ಚಿತ್ರಗಳನ್ನು ತೆಗೆಯುತ್ತಿದ್ದ ಕನು ಗಾಂಧಿಯವರು ದೂರದ ನೌಖಾಲಿಯಲ್ಲಿದ್ದರು. 1968ರಲ್ಲಿ ವಿಠ್ಠಲಭಾಯಿ ಝವೇರಿಯವರು ಗಾಂಧೀಜಿಯವರ ಜೀವನವನ್ನು ಕುರಿತು ಐದು ಘಂಟೆಗೂ ಮಿಕ್ಕ ಸಾಕ್ಷ್ಯಚಿತ್ರವನ್ನು ತಯಾರಿಸಿದರು. ಅಷ್ಟು ದೀರ್ಘವಾದ ಚಿತ್ರಕ್ಕೂ ಆ ಕ್ಷಣವನ್ನು ತೋರಿಸುವ ತುಣುಕು ಎಲ್ಲಿಂದ ಬರಬೇಕು? 1982ರ ಆಂಗ್ಲ ಚಲನಚಿತ್ರದಲ್ಲಿ ನಾವು ಕಾಣುವುದು ನಟರ ಅಭಿನಯವನ್ನು. ಆದ್ದರಿಂದ ಕಂಡವರ ಮಾತೇ ನಮಗೆ ಆಧಾರ. ಆ ಸಂಜೆ ತುಘಲಕ್ ರಸ್ತೆಯ ಪೋಲೀಸು ಠಾಣೆಯಲ್ಲಿ ಮೊದಲ ವರದಿಯನ್ನು ದಾಖಲು ಮಾಡಿದ್ದು ನಂದಲಾಲ್ ಮೆಹತಾ ಎಂಬವರ ಹೇಳಿಕೆಯ ಮೇಲೆ. ಕೆಂಪುಕೋಟೆಯ ವಿಶೇಷ ನ್ಯಾಯಾಲಯದಲ್ಲಿ ಸರ್ಕಾರದ ಕಡೆಯಿಂದ 149 ಮಂದಿ ಸಾಕ್ಷಿಗಳ ವಿಚಾರಣೆ ನಡೆಯಿತು. 1949ರ ನವೆಂಬರ್ 15ರಂದು ಗೋಡ್ಸೆ ಮತ್ತು ಆಪ್ಟೆಯವರಿಗೆ ಅಂಬಾಲಾದಲ್ಲಿ ಗಲ್ಲಾಯಿತು. ಕಾನೂನಿನ ಕೆಲಸ ಅಲ್ಲಿಗೆ ಮುಗಿಯಿತು. ಕೊಂದವನು ಯಾರೆಂಬುದರಲ್ಲಿ ಎಂದೂ ಸಂಶಯವಿರಲಿಲ್ಲ. ಸತ್ತವರು ಹೇಗೆ ಸತ್ತರೆಂಬುದನ್ನು ಹೇಳಬೇಕಾದವಳು ಮಾತ್ರ ಮನು.

ಹೇ ರಾಮ ಎಂಬ ಮಾತಿನ ಬಗೆಗೆ ವಿವಾದವಿದೆ. ಗೋಡ್ಸೆಯ ಕಡೆಯವರು ಅಂತಹ ಮಾತೇ ಬರಲಿಲ್ಲವೆಂದರು. ಗಾಂಧೀಜಿಯವರ ಕಾರ್ಯದರ್ಶಿಗಳಲ್ಲೊಬ್ಬರಾಗಿದ್ದ ವಿ. ಕಲ್ಯಾಣಂ ಅವರೂ ತಮಗೆ ಅದು ಕೇಳಿಸಲಿಲ್ಲವೆಂದು ಬಹಳ ವರ್ಷಗಳ ನಂತರ ಹೇಳಿದರು. ಇನ್ನು ಮನುವಿನ ಬರವಣಿಗೆಯಿಂದಲೇ ತಿಳಿದುಬರುವ ಒಂದು ಸಂಗತಿಯುಂಟು. ಹಿಂದಿನ ರಾತ್ರಿ ಗಾಂಧೀಜಿ ಆಕೆಗೆ ಹೀಗೆ ಹೇಳಿದ್ದರು: ತಾವು ಕಾಯಿಲೆಯಿಂದ ನರಳಿ ಸತ್ತರೆ ತಾವು ಸುಳ್ಳು ಮಹಾತ್ಮರೆಂದು ಮನೆಯ ಮಾಳಿಗೆಯ ಮೇಲೆ ನಿಂತು ಸಾರಬೇಕು, ಗುಂಡೇಟು ತಿಂದು, ನರಳದೆ, ದೇವರ ನಾಮ ಹೇಳುತ್ತ ಸತ್ತರೆ ಮಾತ್ರ ನಿಜವಾದ ಮಹಾತ್ಮರೆಂದು ತಿಳಿಯಬೇಕು. ಇಷ್ಟನ್ನು ಕೇಳಿದ್ದ ಹುಡುಗಿಗೆ ಮರುದಿನ ಆ ನಾಮ ಕೇಳಿಸದೆ ಇರುತ್ತದೆಯೇ ಎಂದು ವಕೀಲರು ಪಾಟೀಸವಾಲು ಹಾಕಬಹುದು. ಪಿಸ್ತೂಲಿನ ಸದ್ದು, ಹೊಗೆ, ಬಾಗಿದ ತಲೆ ಇವೆಲ್ಲವೂ ಆಕೆಗೆ ಪ್ರತಿಕೂಲವೇ.

ಇದಕ್ಕೆ ನನ್ನ ಉತ್ತರ ಹೀಗೆ. ತನ್ನ ಮಾತಿಗೆ ಪ್ರತಿಕೂಲವಾದ ಈ ಎಲ್ಲ ವಿವರಗಳನ್ನು ನಮಗೆ ಒದಗಿಸಿಕೊಟ್ಟವಳೂ ಮನುವೇ. ತಾನು ಬಾಗಿದ್ದೆನೆಂದು, ಹೊಗೆ ಕವಿದಿತ್ತೆಂದು, ಹಿಂದಿನ ರಾತ್ರಿ ಬಾಪು ಹೀಗೆ ಹೇಳಿದ್ದರೆಂದು ಆಕೆ ಬರೆಯದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಥೆ ಕಟ್ಟುವವರು ಇಂತಹವನ್ನು ಮೊದಲು ಅಳಿಸಿಹಾಕುತ್ತಾರೆ. ಮರೆತ ಕಲ್ಲನ್ನೂ ತಪ್ಪಿದ ರೈಲುಡಬ್ಬಿಯನ್ನೂ ಬರೆದ ಕೈಯೇ ಇದನ್ನೂ ಬರೆದಿದೆ. ಐದು ವರ್ಷ ಕಾಲ ದಿನವೂ ಕಂಡದ್ದನ್ನು ಕಂಡಂತೆ ಬರೆಯುವುದನ್ನು ಆಕೆಗೆ ಕಲಿಸಿ, ಪುಟಪುಟಕ್ಕೂ ರುಜು ಹಾಕಿದ ಗುರು ತನಗರಿಯದಂತೆಯೇ ತನ್ನ ಮರಣಕ್ಕೆ ಒಬ್ಬ ಸಾಕ್ಷಿಯನ್ನು ಸಿದ್ಧಪಡಿಸುತ್ತಿದ್ದನು. ಕೇಳಿಸಿತೆಂದು ಆಕೆ ಹೇಳಿದರೆ, ಆಕೆಗೆ ಕೇಳಿಸಿತು ಎಂದು ನಾನು ನಂಬುತ್ತೇನೆ. ಇತರರಿಗೆ ಕೇಳಿಸದೆ ಇದ್ದಿರಬಹುದು. ಅವರು ಅಷ್ಟು ಹತ್ತಿರ ಇರಲಿಲ್ಲ. ರಾಜಘಾಟಿನ ಕಪ್ಪು ಶಿಲೆಯ ಮೇಲೆ ಆ ಎರಡು ಪದಗಳನ್ನೇ ಕೆತ್ತಿದ್ದಾರೆ. ಬಿರ್ಲಾ ಭವನವು ಈಗ ಗಾಂಧಿ ಸ್ಮೃತಿ ಎಂಬ ಸ್ಮಾರಕವಾಗಿದೆ. ಕೊನೆಯ ನಡಿಗೆಯ ದಾರಿಯಲ್ಲಿ ಗಾಂಧೀಜಿಯವರ ಹೆಜ್ಜೆಗಳನ್ನು ಕಾಂಕ್ರೀಟಿನಲ್ಲಿ ಎತ್ತರಿಸಿ ಮಾಡಿದ್ದಾರೆ. ಅಕ್ಕಪಕ್ಕದ ಇಬ್ಬರ ಹೆಜ್ಜೆಗಳಿಲ್ಲ.

ಮುಂದಿನ ಜೀವನ ಬೇಗ ಹೇಳಿ ಮುಗಿಸುವಂತಹದು. ಫೆಬ್ರವರಿಯಲ್ಲಿ ಮನು ದೆಹಲಿ ಬಿಟ್ಟು ಮಹುವಾದಲ್ಲಿದ್ದ ತಂದೆಯ ಮನೆಗೆ ಹೊರಟಳು. ರೈಲಿನಲ್ಲಿ ಜೊತೆಗಿದ್ದ ದೇವದಾಸ ಗಾಂಧಿಯವರು, ನಿನ್ನ ಬಳಿ ಬಹಳ ಬೆಲೆಬಾಳುವ ಬರಹಗಳಿವೆ, ನೀನಾದರೋ ಚಿಕ್ಕವಳು, ದಿನಚರಿಯಲ್ಲಿರುವುದನ್ನು ಯಾರಿಗೂ ತೋರಿಸಬೇಡವೆಂದು ಎಚ್ಚರಿಸಿದರಂತೆ. ಮನು ಪೂರ್ತಿಯಾಗಿ ಸುಮ್ಮನಿರಲಿಲ್ಲ. ಆಯ್ದ ಭಾಗಗಳು ಭಾವನಗರದ ಪತ್ರಿಕೆಯೊಂದರಲ್ಲಿ ಬಂದುವು. ಆಮೇಲೆ ಅಹಮದಾಬಾದಿನ ನವಜೀವನ ಪ್ರಕಾಶನದಿಂದ ನೌಖಾಲಿ, ಕಲ್ಕತ್ತೆ, ದೆಹಲಿಯ ದಿನಗಳನ್ನು ಕುರಿತ ಪುಸ್ತಕಗಳು ಹೊರಬಂದುವು. ಆಕೆಯ ಆರೋಗ್ಯ ಚೆನ್ನಾಗಿರಲಿಲ್ಲ. ಮದುವೆಯಾಗಲಿಲ್ಲ. ದೇಶವೆಲ್ಲ ಗಾಂಧಿ ಶತಾಬ್ದಿಯನ್ನು ಆಚರಿಸುತ್ತಿದ್ದ 1969ರಲ್ಲಿ, ನಲವತ್ತರ ಆಸುಪಾಸಿನಲ್ಲಿ, ದೆಹಲಿಯಲ್ಲಿ ತೀರಿಕೊಂಡಳು. ಆಭಾ ಮಾತ್ರ 1995ರ ವರೆಗೆ ಬದುಕಿದ್ದರು.

ದಿನಚರಿಯ ಮೂಲಪ್ರತಿಗಳು ಬಹುಕಾಲ ಮನೆಯವರ ಬಳಿಯೇ ಇದ್ದು, 2010ರಲ್ಲಿ ದೆಹಲಿಯ ರಾಷ್ಟ್ರೀಯ ಪತ್ರಾಗಾರವನ್ನು ಸೇರಿದುವು. ತ್ರಿದೀಪ್ ಸುಹೃದ್ ಅವರು ಅವನ್ನು ಇಂಗ್ಲಿಷಿಗೆ ಅನುವಾದಿಸಿದ್ದಾರೆ. 1943-44ರ ಸೆರೆವಾಸದ ಸಂಪುಟ 2019ರಲ್ಲಿಯೂ, 1946-48ರ ಸಂಪುಟ 2024ರಲ್ಲಿಯೂ ಅಚ್ಚಾದುವು. ಪತ್ರಾಗಾರದಲ್ಲಿರುವ ಆ ನೋಟುಪುಸ್ತಕಗಳ ಅಂಚಿನಲ್ಲಿ, ಹುಡುಗಿಯ ಗುಜರಾತಿ ಅಕ್ಷರಗಳ ಪಕ್ಕದಲ್ಲಿ, ಬಾಪು ಎಂಬ ರುಜು ಈಗಲೂ ಇದೆ. ಜನವರಿ 30ರ ಪುಟಕ್ಕೆ ರುಜು ಹಾಕುವವರು ಇರಲಿಲ್ಲ.